ಸೂಜಿ ಹಿಡಿದ ಕೈ, ತೊಟ್ಟಿಲು ತೂಗಿದ ಕೈ

ಕಿರುಪುಷ್ಪ ಸಂತ ತೆರೇಸಮ್ಮನವರ ಚಿತ್ರವನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಎದೆಗವಚಿದ ಶಿಲುಬೆ, ಅದರ ತುಂಬ ಗುಲಾಬಿ ಹೂಗಳು, ಶಾಂತವಾದ ಮುಖ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಆಕೆಯ ಹೆಸರಿದೆ. ಮಂಗಳೂರಿನಲ್ಲಿ 1921ರಲ್ಲಿ ಸ್ಥಾಪನೆಯಾದ ಬೆಥನಿ ಭಗಿನಿಯರ ಸಂಸ್ಥೆಯ ಹೆಸರಿನಲ್ಲೇ ಕಿರುಪುಷ್ಪವಿದೆ. ಆದರೆ ಆ ಹೂವನ್ನು ಹೆತ್ತ ಬಳ್ಳಿಯ ಬಗ್ಗೆ ನಿಮಗೆಷ್ಟು ಗೊತ್ತು? ತೆರೇಸಮ್ಮನವರ ತಾಯಿ ಹಗಲೆಲ್ಲ ಸೂಜಿ ಹಿಡಿದು ದುಡಿದವರು, ಮನೆಯಲ್ಲೇ ಒಂದು ಸಣ್ಣ ಲೇಸು ತಯಾರಿಕೆಯ ಉದ್ಯಮ ನಡೆಸಿದವರು, ಹತ್ತಾರು ಹೆಣ್ಣುಮಕ್ಕಳ ಕೈಗೆ ಕೆಲಸ ಕೊಟ್ಟವರು ಎಂದರೆ ನಿಮಗೆ ಆಶ್ಚರ್ಯವಾದೀತು. ಮನೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಸಂಸಾರ ತೂಗಿಸುತ್ತಿರುವ ತಾಯಂದಿರೇ, ಗಾರ್ಮೆಂಟ್ಸ್‌ಗೆ ಹೋಗಿ ಸಂಜೆ ಸುಸ್ತಾಗಿ ಮರಳುವ ಸೋದರಿಯರೇ, ಇಂದು ನಿಮ್ಮದೇ ಕಸುಬಿನ ಒಬ್ಬ ಸಂತಳ ಪರಿಚಯ ಮಾಡಿಕೊಳ್ಳಿ.

ಗೊಂಬೆಯಿಲ್ಲದ ಬಾಲ್ಯ

ಜೆಲಿ ಗೆರಿನ್ ಹುಟ್ಟಿದ್ದು 1831ರ ಡಿಸೆಂಬರ್ 23ರಂದು, ಫ್ರಾನ್ಸ್ ದೇಶದ ನಾರ್ಮಂಡಿ ಸೀಮೆಯ ಗಾಂದೆಲೆನ್ ಎಂಬ ಹಳ್ಳಿಯಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿದ್ದು ಆಮೇಲೆ ಪೊಲೀಸ್ ದಳದಲ್ಲಿ ದುಡಿದವರು. ತಾಯಿ ಭಕ್ತೆ, ಆದರೆ ಬಹಳ ಕಟ್ಟುನಿಟ್ಟು. ಮನೆಯಲ್ಲಿ ನಗು ಕಡಿಮೆ, ಗದರಿಕೆ ಹೆಚ್ಚು. ಆಸೆಪಟ್ಟ ಒಂದು ಗೊಂಬೆಯೂ ಆ ಹುಡುಗಿಗೆ ಸಿಗಲಿಲ್ಲ. ತನ್ನ ಬಾಲ್ಯ ದುಃಖದಿಂದ ಕೂಡಿತ್ತು ಎಂದು ಮುಂದೆ ಆಕೆಯೇ ತಮ್ಮನಿಗೆ ಪತ್ರದಲ್ಲಿ ಹೇಳಿಕೊಂಡಳು. ಆದರೆ ತಾನು ಕಾಣದ ಪ್ರೀತಿಯನ್ನು ತನ್ನ ಮಕ್ಕಳಿಗೆ ಕೊಡಬಾರದು ಎಂದು ಮಾತ್ರ ಆಕೆ ಎಂದೂ ಯೋಚಿಸಲಿಲ್ಲ. ತಾನು ಅತ್ತದ್ದನ್ನು ನೆನೆದು ಮಕ್ಕಳನ್ನು ನಗಿಸಿದ ತಾಯಿ ಆಕೆ.

1844ರಲ್ಲಿ ಸಂಸಾರ ಹತ್ತಿರದ ಅಲೆನ್ಸೋನ್ ಪಟ್ಟಣಕ್ಕೆ ಬಂತು. ಅಕ್ಕ ಎಲಿಸ್, ತಮ್ಮ ಇಸಿದೋರ್, ನಡುವೆ ಜೆಲಿ. ಓದು ಮುಗಿಸಿದ ಜೆಲಿಗೆ ಕನ್ಯಾಸ್ತ್ರೀಯಾಗಿ ರೋಗಿಗಳ ಸೇವೆ ಮಾಡುವ ಆಸೆಯಿತ್ತು. ಊರಿನ ಆಸ್ಪತ್ರೆ ನಡೆಸುತ್ತಿದ್ದ ಸಂತ ವಿನ್ಸೆಂಟ್ ದೆ ಪೌಲರ ಸಂಸ್ಥೆಯ ಭಗಿನಿಯರ ಬಾಗಿಲು ತಟ್ಟಿದಳು. ಮಠದ ಶ್ರೇಷ್ಠಿಯವರು ಆಕೆಯನ್ನು ಕಂಡು, ಮಾತಾಡಿಸಿ, ಇದು ನಿನಗೆ ದೇವರ ಕರೆಯಲ್ಲ ಎಂದು ತಿಳಿಸಿ ವಾಪಸು ಕಳಿಸಿದರು.

ಯುವತಿಗೆ ಅದು ದೊಡ್ಡ ಪೆಟ್ಟು. ಮನೆಯಲ್ಲಿ ಹಣವಿಲ್ಲ, ಹೆಣ್ಣುಮಕ್ಕಳ ವರದಕ್ಷಿಣೆಗೆ ದಾರಿಯಿಲ್ಲ, ಮಠದ ಬಾಗಿಲೂ ತೆರೆಯಲಿಲ್ಲ. ಮುಂದೇನು? ಆಕೆ ಮಾತೆ ಮರಿಯಮ್ಮನವರಲ್ಲಿ ಮೊರೆಯಿಟ್ಟಳು. 1851ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬದ ದಿನ, ಕೆಲಸದಲ್ಲಿ ತೊಡಗಿದ್ದಾಗ ಅಲೆನ್ಸೋನ್ ಲೇಸು ಮಾಡಿಸು ಎಂದು ಆಕೆಯ ಒಳಗೇ ಯಾರೋ ಹೇಳಿದಂತಾಯಿತು. ಆಕೆ ಅದನ್ನು ಮಾತೆಯ ಉತ್ತರವೆಂದೇ ನಂಬಿ, ಊರಿನ ಲೇಸು ಶಾಲೆಗೆ ಸೇರಿ ಕಸುಬು ಕಲಿತಳು.

ಅಲೆನ್ಸೋನಿನ ಲೇಸು

ಈ ಲೇಸು ಎಂಥದ್ದು ಎಂದು ತಿಳಿಯದೆ ಜೆಲಿಯಮ್ಮನವರ ಬದುಕು ಅರ್ಥವಾಗದು. 1665ರಲ್ಲಿ ರಾಜ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರ್ ಈ ಊರಿನಲ್ಲಿ ಅರಸನ ಹೆಸರಿನ ಲೇಸು ಕಾರ್ಖಾನೆಯನ್ನು ತೆರೆಸಿದ. ಅಂದಿನಿಂದ ಅಲೆನ್ಸೋನಿನ ಲೇಸು ಯೂರೋಪಿನ ಅರಮನೆಗಳಿಗೆ ಹೋಯಿತು. ಬರಿಯ ಸೂಜಿ, ಬರಿಯ ನೂಲು. ಮಗ್ಗವಿಲ್ಲ, ಯಂತ್ರವಿಲ್ಲ.

ಮೊದಲು ಚಿತ್ರ ಬರೆಯಬೇಕು. ಅದನ್ನು ಚರ್ಮದ ಹಾಳೆಯ ಮೇಲೆ ಸೂಜಿಯಿಂದ ಚುಚ್ಚಿ ಚುಚ್ಚಿ ಗುರುತು ಮಾಡಬೇಕು. ಹಾಳೆಯ ಅಡಿಗೆ ಎರಡು ಪದರ ಬಟ್ಟೆ ಸೇರಿಸಿ, ಗುರುತಿನ ಮೇಲೆ ನೂಲನ್ನು ಕೂರಿಸಿ, ನಡುವೆ ಬಲೆಯಂತೆ ಹೆಣೆಯಬೇಕು. ಹೂವು ಎಲೆಗಳ ಒಳಭಾಗವನ್ನು ತುಂಬಬೇಕು. ಅಂಚಿಗೆ ಕುದುರೆಯ ಕೂದಲನ್ನಿಟ್ಟು, ಅದರ ಮೇಲೆ ನಾವು ಗುಂಡಿಯ ಕಾಜಾಕ್ಕೆ ಹಾಕುವಂಥ ಹೊಲಿಗೆಯನ್ನು ಒತ್ತೊತ್ತಾಗಿ ಹಾಕಬೇಕು. ಲೇಸು ಬಿರುಸಾಗಿ ನಿಲ್ಲುವುದು ಅದರಿಂದಲೇ. ಆಮೇಲೆ ಎರಡು ಪದರ ಬಟ್ಟೆಯ ನಡುವೆ ಅಲಗು ಹಾಯಿಸಿ, ಕಟ್ಟಿದ ನೂಲನ್ನು ಕತ್ತರಿಸಿದರೆ ಲೇಸು ಹಾಳೆಯಿಂದ ಬಿಟ್ಟು ಬರುತ್ತದೆ. ಉಳಿದ ನೂಲಿನ ಚೂರುಗಳನ್ನು ಚಿಮಟದಿಂದ ಹೆಕ್ಕಬೇಕು. ಅಂದು ಒಂದೊಂದು ಹಂತಕ್ಕೂ ಒಬ್ಬೊಬ್ಬ ಕೆಲಸಗಾರ್ತಿ ಇರುತ್ತಿದ್ದಳು. ಒಂದು ಚದರ ಸೆಂಟಿಮೀಟರ್ ಲೇಸಿಗೆ ಏಳು ಗಂಟೆ ಹಿಡಿಯುತ್ತದೆ. ಪೂರ್ತಿ ಕಲಿಯಲು ಏಳರಿಂದ ಹತ್ತು ವರ್ಷ ಬೇಕು. 2010ರಲ್ಲಿ ಯುನೆಸ್ಕೋ ಈ ಕಸುಬನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ದೊಡ್ಡ ಲೇಸನ್ನು ಒಬ್ಬರೇ ಮಾಡಲಾಗದು. ಗೇಣಿಗಿಂತ ಚಿಕ್ಕ ತುಂಡುಗಳಾಗಿ ಹಲವು ಮನೆಗಳಲ್ಲಿ ತಯಾರಾಗಿ ಬಂದದ್ದನ್ನು ಕೊನೆಗೆ ಒಂದಾಗಿಸಬೇಕು. ಜೋಡಿಸಿದ ಜಾಗ ಎಲ್ಲಿ ಎಂದು ಯಾರ ಕಣ್ಣಿಗೂ ಕಾಣಬಾರದು. ಎಲ್ಲಕ್ಕಿಂತ ನಾಜೂಕಾದ ಈ ಜೋಡಣೆಯ ಕೆಲಸವನ್ನು ಜೆಲಿ ತಮಗಾಗಿಯೇ ಇಟ್ಟುಕೊಂಡರು. ಬೇರೆಯವರು ಹಾಳುಮಾಡಿದ ತುಂಡನ್ನು ಸರಿಪಡಿಸುವ ಹೊಣೆಯೂ ಅವರದೇ.

1853ರ ಕೊನೆಯ ಹೊತ್ತಿಗೆ, ಇಪ್ಪತ್ತೆರಡರ ಹರೆಯದಲ್ಲಿ, ಅಕ್ಕನ ನೆರವಿನಿಂದ ಅವರು ಸಾಂ ಬ್ಲೇಸ್ ಬೀದಿಯ ಮನೆಯಲ್ಲಿ ಸ್ವಂತ ಉದ್ಯಮ ಆರಂಭಿಸಿದರು.

ಮದುವೆ

1858ರಲ್ಲಿ ಅಕ್ಕ ಎಲಿಸ್ ಲೆ ಮಾನ್ ಪಟ್ಟಣದ ವಿಸಿಟೇಶನ್ ಮಠ ಸೇರಿದರು. ಒಂಟಿಯಾಗಿ ಉಳಿದ ಜೆಲಿಗೆ ಅದೇ ವರ್ಷ ಸಾಂ ಲೆಯೊನಾರ್ ಸೇತುವೆಯ ಮೇಲೆ ಎದುರಾದವರು ಲೂಯಿ ಮಾರ್ಟಿನ್. ಮೂವತ್ತನಾಲ್ಕರ ಗಡಿಯಾರ ತಯಾರಕ. ಅವರೂ ಒಮ್ಮೆ ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠಕ್ಕೆ ಸೇರಲು ಹೋಗಿ, ಲತೀನ್ ಬಾರದೆಂದು ಹಿಂದಿರುಗಿದವರು. ಮೂರೇ ತಿಂಗಳಲ್ಲಿ, ಜುಲೈ 13ರ ನಡುರಾತ್ರಿ, ಊರಿನ ನೋತ್ರ್ ದಾಮ್ ದೇವಾಲಯದಲ್ಲಿ ವಿವಾಹ ನಡೆಯಿತು. ಮದುವೆಯ ದಿನವೇ ನವವಧು ಲೆ ಮಾನ್‌ಗೆ ಹೋಗಿ ಮಠದ ಸರಳಿನಾಚೆಗಿದ್ದ ಅಕ್ಕನನ್ನು ಕಂಡು ಬಿಕ್ಕಿಬಿಕ್ಕಿ ಅತ್ತರು. ಪಕ್ಕದಲ್ಲಿದ್ದ ಲೂಯಿ ತಪ್ಪು ತಿಳಿಯಲಿಲ್ಲ. ಆ ಕಣ್ಣೀರು ಅವರಿಗೆ ಅರ್ಥವಾಗಿತ್ತು.

ಮೊದಲ ಹತ್ತು ತಿಂಗಳು ಅವರಿಬ್ಬರೂ ಅಣ್ಣತಂಗಿಯರಂತೆ ಬಾಳಿದರು. ಆಮೇಲೆ ಗುರುಗಳೊಬ್ಬರ ಬುದ್ಧಿಮಾತಿನಂತೆ ಸಂಸಾರ ಜೀವನಕ್ಕೆ ಕಾಲಿಟ್ಟರು. ದೇವರು ಅವರಿಗೆ ಒಂಬತ್ತು ಮಕ್ಕಳನ್ನು ಕೊಟ್ಟರು.

ಗುರುವಾರದ ದಿನ

ಜೆಲಿಯಮ್ಮನವರ ದಿನ ಹೇಗಿತ್ತು ಕೇಳಿ. ಬೆಳಗಿನ ಜಾವ ಐದೂವರೆಯ ಬಲಿಪೂಜೆಗೆ ಗಂಡಹೆಂಡಿರು ಜತೆಯಾಗಿ ಹೋಗುವರು. ಮರಳಿ ಬಂದು ಮನೆಗೆಲಸ, ಮಕ್ಕಳು, ಆಮೇಲೆ ಕಿಟಕಿಯ ಬೆಳಕಿನಲ್ಲಿ ಲೇಸು. ರಾತ್ರಿ ಹನ್ನೊಂದರವರೆಗೂ ಸೂಜಿ ಆಡುವುದಿತ್ತು. ನಡುನಡುವೆ ತಮ್ಮನಿಗೆ, ಹಾಸ್ಟೆಲಿನಲ್ಲಿದ್ದ ಹೆಣ್ಣುಮಕ್ಕಳಿಗೆ ಪತ್ರಗಳು. ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವರ ಬದುಕು ನಮಗೆ ತಿಳಿದಿರುವುದು ಬಹುಮಟ್ಟಿಗೆ ಅವುಗಳಿಂದಲೇ.

ಗುರುವಾರ ಬಂತೆಂದರೆ ಮನೆ ತುಂಬ ಹೆಂಗಸರು. ತಂತಮ್ಮ ಮನೆಗಳಲ್ಲಿ ಮಾಡಿದ ತುಂಡುಗಳನ್ನು ತಂದೊಪ್ಪಿಸಿ, ಕೂಲಿ ಪಡೆದು, ಹೊಸ ನೂಲು, ಹೊಸ ಚಿತ್ರ ತೆಗೆದುಕೊಂಡು ಹೋಗುವ ದಿನವದು. ಕೂಲಿಯನ್ನು ತಡಮಾಡದೆ ಕೊಡುವುದು ಈ ಮನೆಯ ನಿಯಮ. ಯಾರಾದರೂ ಕಾಯಿಲೆ ಬಿದ್ದರೆ ಭಾನುವಾರ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಜೆಲಿಯಮ್ಮ ಅವರ ಮನೆಗೇ ಹೋಗಿ ನೋಡಿ ಬರುವರು. ಕೆಲಸದವರನ್ನೂ ಮನೆಯವರಂತೆಯೇ ಪ್ರೀತಿಸಬೇಕೆಂಬುದು ಅವರ ನಂಬಿಕೆ.

ಭಾನುವಾರ ಮಾತ್ರ ಸೂಜಿ ಮುಟ್ಟುವಂತಿಲ್ಲ. ಲೂಯಿಯವರ ಗಡಿಯಾರದಂಗಡಿಯೂ ಆ ದಿನ ಮುಚ್ಚಿರುತ್ತಿತ್ತು. ಹಳ್ಳಿಯವರು ಪೇಟೆಗೆ ಬಂದು ಕೊಳ್ಳುವುದೇ ಭಾನುವಾರ, ಪಕ್ಕದ ಬಾಗಿಲನ್ನಾದರೂ ತೆರೆದಿಡಿ ಎಂದು ಹಿತೈಷಿಗಳು ಹೇಳಿದರೂ ಅವರು ಕೇಳಲಿಲ್ಲ. ವ್ಯಾಪಾರ ಹೋದರೆ ಹೋಗಲಿ, ಪ್ರಭುವಿನ ದಿನ ಪ್ರಭುವಿಗೆ.

ಹಾಗೆಂದು ಈ ಉದ್ಯಮ ಹೂವಿನ ಹಾಸಿಗೆಯಾಗಿತ್ತೆಂದು ತಿಳಿಯಬೇಡಿ. ಆರ್ಡರ್ ಇಲ್ಲದಾಗ ಕೆಲಸದ ಹೆಂಗಸರು ಏನು ತಿನ್ನುವರೆಂಬ ಚಿಂತೆ. ಆರ್ಡರ್ ಬಂದಾಗ ಗಡುವಿನ ಚಿಂತೆ. ಈ ಲೇಸು ತನ್ನನ್ನು ಗುಲಾಮಳನ್ನಾಗಿ ಮಾಡಿಕೊಂಡಿದೆ, ಬದುಕನ್ನು ಕಠಿಣ ಮಾಡಿದೆ ಎಂದು ಅವರು ಪತ್ರಗಳಲ್ಲಿ ತೋಡಿಕೊಂಡದ್ದುಂಟು. ಆದರೂ ಕಿಟಕಿಯ ಬಳಿ ಕೂತು ತುಂಡುಗಳನ್ನು ಜೋಡಿಸುವಾಗ ಸಿಗುವ ಸಂತೋಷ ಬೇರೆಲ್ಲೂ ಇಲ್ಲ ಎಂದೂ ಅವರಿಗನ್ನಿಸುತ್ತಿತ್ತು. ದುಡಿಯುವ ಯಾವ ಹೆಂಗಸಿಗೆ ಈ ಎರಡು ಮಾತೂ ಗೊತ್ತಿಲ್ಲ ಹೇಳಿ?

1870ರಲ್ಲಿ ಲೂಯಿ ಒಂದು ದೊಡ್ಡ ತೀರ್ಮಾನ ಮಾಡಿದರು. ಗಡಿಯಾರದ ಅಂಗಡಿಯನ್ನು ಸೋದರಳಿಯನಿಗೆ ಮಾರಿ ಹೆಂಡತಿಯ ಉದ್ಯಮಕ್ಕೆ ಹೆಗಲು ಕೊಟ್ಟರು. ಲೆಕ್ಕಪತ್ರ, ಪ್ಯಾರಿಸಿಗೆ ಹೋಗಿ ಆರ್ಡರ್ ತರುವುದು, ಗಿರಾಕಿಗಳೊಡನೆ ವ್ಯವಹಾರ ಅವರ ಪಾಲಾಯಿತು. ನೂರೈವತ್ತು ವರ್ಷಗಳ ಹಿಂದೆ ಹೆಂಡತಿಯ ಕಸುಬಿಗಾಗಿ ತನ್ನ ಕಸುಬು ಬಿಟ್ಟ ಗಂಡ! ಅದರಿಂದ ಗೌರವ ಕುಂದಿತೆಂದು ಅವರು ಭಾವಿಸಲಿಲ್ಲ. ಗಂಡಸರೇ, ಈ ಸಾಲನ್ನು ಇನ್ನೊಮ್ಮೆ ಓದಿ.

ಅದೇ ವರ್ಷ ಯುದ್ಧ ಬಂತು. 1871ರ ಜನವರಿಯಲ್ಲಿ ಜರ್ಮನ್ ಸೈನ್ಯ ಊರಿಗೆ ನುಗ್ಗಿ, ಒಂಬತ್ತು ಸೈನಿಕರು ಇವರ ಮನೆಯಲ್ಲೇ ಬೀಡುಬಿಟ್ಟರು. ವ್ಯಾಪಾರ ನಿಂತುಹೋಯಿತು. ಯುದ್ಧ ಮುಗಿದ ಮೇಲೆ ಮತ್ತೆ ಮೊದಲಿನಿಂದ ಕೆಲಸ.

ನಾಲ್ಕು ಪುಟ್ಟ ಗೋರಿಗಳು

ಆದರೆ ಯುದ್ಧಕ್ಕಿಂತ ದೊಡ್ಡ ನೋವು ತೊಟ್ಟಿಲಿನಲ್ಲಿತ್ತು. ಎದೆಯ ಬೇನೆಯಿಂದಾಗಿ ಜೆಲಿಯಮ್ಮನಿಗೆ ಕಿರಿಯ ಮಕ್ಕಳಿಗೆ ಹಾಲೂಡಿಸಲಾಗಲಿಲ್ಲ. ಆ ಕಾಲದ ರೂಢಿಯಂತೆ ಕೂಸುಗಳನ್ನು ಹಾಲೂಡಿಸುವ ದಾದಿಯರ ಬಳಿ ಬಿಡಬೇಕಾಯಿತು. ಗಂಡು ಮಗು ಬೇಕು, ಅವನು ಗುರುವಾಗಬೇಕು ಎಂದು ಹಂಬಲಿಸಿದರು. ಹುಟ್ಟಿದ ಇಬ್ಬರು ಗಂಡುಮಕ್ಕಳೂ ವರ್ಷ ತುಂಬುವ ಮೊದಲೇ ತೀರಿಕೊಂಡರು, ಒಬ್ಬ 1867ರಲ್ಲಿ, ಇನ್ನೊಬ್ಬ 1868ರಲ್ಲಿ. 1870ರ ಫೆಬ್ರವರಿಯಲ್ಲಿ ಐದು ವರ್ಷದ ಹೆಲೆನ್ ಹೋದಳು. ಅದೇ ಅಕ್ಟೋಬರಿನಲ್ಲಿ ಎರಡು ತಿಂಗಳ ಮೆಲನಿ. ನೆಚ್ಚಿ ಒಪ್ಪಿಸಿದ ದಾದಿ ಆ ಕೂಸಿಗೆ ಸರಿಯಾಗಿ ಹಾಲು ಕೊಡದೆ ಹಸಿವಿನಲ್ಲಿ ಸೊರಗಿಸಿದ್ದಳು. ತಿಳಿದು ಮನೆಗೆ ತರುವಷ್ಟರಲ್ಲಿ ಹೊತ್ತು ಮೀರಿತ್ತು.

ನಾಲ್ಕು ವರ್ಷಗಳೊಳಗೆ ನಾಲ್ಕು ಪುಟ್ಟ ಗೋರಿಗಳು. ಈ ಮಕ್ಕಳು ಹುಟ್ಟದಿದ್ದರೇ ಚೆನ್ನಾಗಿತ್ತು ಎಂದು ಜನ ಸಮಾಧಾನ ಹೇಳಲು ಬಂದರು. ಆ ಮಾತನ್ನು ಜೆಲಿಯಮ್ಮ ಸಹಿಸಲಿಲ್ಲ. ಮಕ್ಕಳು ಎಂದೆಂದಿಗೂ ಕಳೆದುಹೋಗಿಲ್ಲ, ಸ್ವರ್ಗದಲ್ಲಿ ಮತ್ತೆ ಸಿಗುವರು ಎಂಬುದು ಅವರ ವಿಶ್ವಾಸ. ಅತ್ತರು, ಮತ್ತೆ ಸೂಜಿ ಹಿಡಿದರು.

1873ರ ಜನವರಿ 2ರಂದು ಒಂಬತ್ತನೆಯ ಮಗು ತೆರೇಸಾ ಹುಟ್ಟಿದಾಗ ಆ ತಾಯಿಯ ವಯಸ್ಸು ನಲವತ್ತೊಂದು. ಎರಡು ತಿಂಗಳಲ್ಲೇ ಕೂಸು ಬದುಕುವ ಹಾಗೆ ಕಾಣಲಿಲ್ಲ. ಹಾಲೂಡಿಸುವ ತಾಯಿ ಸಿಕ್ಕರೆ ಮಾತ್ರ ಆಸೆ ಎಂದರು ವೈದ್ಯರು. ಬೆಳಗಾಗುತ್ತಲೇ ಜೆಲಿಯಮ್ಮ ಒಬ್ಬರೇ ಸೆಮಾಲೆ ಎಂಬ ಹಳ್ಳಿಗೆ ಕಾಲ್ನಡಿಗೆಯಲ್ಲಿ ಹೋಗಿ ರೋಸ್ ತಾಯೆ ಎಂಬ ರೈತ ಹೆಂಗಸನ್ನು ಕರೆತಂದರು. ಮಗುವನ್ನು ಅವಳ ಮಡಿಲಿಗೆ ಕೊಟ್ಟು, ಮೇಲಿನ ಕೋಣೆಗೆ ಹೋಗಿ ಸಂತ ಜೋಸೆಫರ ಪಾದಕ್ಕೆ ಬಿದ್ದರು. ಕೆಳಗಿಳಿದು ಬಂದಾಗ ಮಗು ಹಾಲು ಕುಡಿಯುತ್ತಿತ್ತು. ಆಮೇಲೆ ಸತ್ತಂತೆ ಬಿದ್ದುಕೊಂಡು, ಕೊಂಚ ಹೊತ್ತಿಗೆ ಕಣ್ಣು ತೆರೆದು ನಕ್ಕಿತು.

ವರ್ಷಕ್ಕೂ ಹೆಚ್ಚು ಕಾಲ ತೆರೇಸಾ ಬೆಳೆದದ್ದು ಸೆಮಾಲೆಯ ಹೊಲದ ಮನೆಯಲ್ಲಿ. ರೋಸ್ ಪೇಟೆಗೆ ಬೆಣ್ಣೆ ಮಾರಲು ಬಂದಾಗ ಮಗುವನ್ನು ತಾಯಿಯ ಬಳಿ ಬಿಟ್ಟರೆ, ಮಗು ಹೆತ್ತ ತಾಯಿಯ ಹತ್ತಿರ ನಿಲ್ಲದೆ ಕಿರುಚುತ್ತಿತ್ತು. ನಾಜೂಕಾಗಿ ಉಡುಪು ತೊಟ್ಟ ಗಿರಾಕಿ ಹೆಂಗಸರನ್ನು ಕಂಡರಂತೂ ಹೆದರಿ ಅಳು. ರೋಸಳ ಹಾಗೆ ಸಾದಾ ಬಟ್ಟೆ ಉಟ್ಟ ಲೇಸು ಕೆಲಸದ ಹೆಂಗಸರ ತೋಳಿನಿಂದ ತೋಳಿಗೆ ಮಾತ್ರ ನಗುನಗುತ್ತ ಹೋಗುತ್ತಿತ್ತು. ಮುಂದೆ ಸಂತಳಾಗಲಿದ್ದ ಮಗುವನ್ನು ಮೊದಲು ಎತ್ತಿಕೊಂಡವರಲ್ಲಿ ಕೂಲಿಯ ಕೈಗಳಿದ್ದವು.

ಕಣ್ತಪ್ಪಿದ್ದು

ಸಂತರ ಬಾಳಿನಲ್ಲಿ ತಪ್ಪೇ ನಡೆಯುವುದಿಲ್ಲ ಎಂದುಕೊಳ್ಳುತ್ತೇವೆ. ಜೆಲಿಯಮ್ಮನವರ ಬಾಳಿನಲ್ಲಿ ಅವರ ಕಣ್ಣೆದುರೇ ಒಂದು ನಡೆಯಿತು. ಮೂರನೆಯ ಮಗಳು ಲೆಯೊನಿ ಹುಟ್ಟಿನಿಂದಲೇ ಕಾಯಿಲೆಯವಳು. ಹಟಮಾರಿ, ಓದು ಹತ್ತದು. ಲೆ ಮಾನ್‌ನ ಕಾನ್ವೆಂಟ್ ಶಾಲೆಯಿಂದ ಮತ್ತೆ ಮತ್ತೆ ಮನೆಗೆ ಕಳಿಸಿದರು. ಈ ಮಗುವಿಗೆ ಏನಾಗಿದೆಯೆಂದು ತಾಯಿಗೆ ತಿಳಿಯಲೇ ಇಲ್ಲ. 1877ರಲ್ಲಿ ಹಿರಿಮಗಳು ಮರೀ ಗುಟ್ಟು ಕಂಡುಹಿಡಿದಳು. ವರ್ಷಗಳಿಂದ ಮನೆಯಲ್ಲಿದ್ದ ಕೆಲಸದಾಕೆ ಲೆಯೊನಿಯನ್ನು ಗುಟ್ಟಾಗಿ ಹೆದರಿಸಿ, ಹೊಡೆದು, ತನ್ನ ಅಂಕೆಯಲ್ಲಿಟ್ಟುಕೊಂಡಿದ್ದಳು. ಅದೇ ಸೂರಿನಡಿ, ಕಿಟಕಿಯ ಬಳಿ, ತಾಯಿ ಲೇಸು ಜೋಡಿಸುತ್ತಿದ್ದರು.

ಆ ತಾಯಿಯ ಎದೆ ಹೇಗೆ ಒಡೆದಿರಬೇಕು! ಆ ಕೆಲಸದಾಕೆ ಕಾಯಿಲೆ ಬಿದ್ದಾಗ ಅವಳನ್ನು ಊರಿಗೆ ಕಳಿಸದೆ ಹಗಲಿರುಳು ಆರೈಕೆ ಮಾಡಿದ್ದವರು ಇದೇ ಜೆಲಿಯಮ್ಮ. ಈಗ ಲೆಯೊನಿಯೊಡನೆ ಮಾತಾಡಕೂಡದೆಂದು ಅವಳಿಗೆ ಕಟ್ಟಪ್ಪಣೆ ಮಾಡಿದರು. ಮನೆಯಲ್ಲಿ ಅವಳ ದಿನಗಳನ್ನೂ ಎಣಿಸಿ ಇಟ್ಟರು. ಮಗಳನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಪ್ರೀತಿಯಿಂದ ತಿದ್ದತೊಡಗಿದರು. ಹದಿಮೂರು ವರ್ಷದ ಲೆಯೊನಿ ತಾಯಿಯ ಬೆನ್ನು ಬಿಡದಂತಾದಳು.

ಆದರೆ ಉಳಿದಿದ್ದ ದಿನಗಳು ಬಹಳ ಕಡಿಮೆ. 1865ರಲ್ಲೇ ಎದೆಯ ಗಂಟಿನ ಬಗ್ಗೆ ಔಷಧಿ ವ್ಯಾಪಾರಿಯಾಗಿದ್ದ ತಮ್ಮನಿಗೆ ಅವರು ಬರೆದಿದ್ದರು. 1876ರ ಕೊನೆಯಲ್ಲಿ ಅದು ಕ್ಯಾನ್ಸರ್ ಎಂದೂ ಶಸ್ತ್ರಚಿಕಿತ್ಸೆಯ ಕಾಲ ದಾಟಿದೆಯೆಂದೂ ವೈದ್ಯರು ಹೇಳಿದರು. ತಾನು ಬದುಕಬೇಕು ಎಂದು ಜೆಲಿಯಮ್ಮ ಈಗ ಬೇಡಿಕೊಂಡದ್ದು ತನಗಾಗಿಯಲ್ಲ, ಲೆಯೊನಿಗಾಗಿ. ಜೂನ್ ತಿಂಗಳಲ್ಲಿ ಮೂವರು ಹಿರಿಯ ಹೆಣ್ಣುಮಕ್ಕಳೊಡನೆ ಲೂರ್ದು ಮಾತೆಯ ಕ್ಷೇತ್ರಕ್ಕೆ ಯಾತ್ರೆ ಹೋದರು. ದಾರಿಯುದ್ದಕ್ಕೂ ತೊಂದರೆ, ತಂಪು ನೀರಿನ ಸ್ನಾನ, ನೋವು. ಗುಣವಾಗಲಿಲ್ಲ. ಮನೆಗೆ ಮರಳಿದಾಗ, ಕಾದು ನಿಂತಿದ್ದ ಲೂಯಿಗೆ ಹೆಂಡತಿಯ ಮುಖದಲ್ಲಿ ಕಂಡದ್ದು ನಿರಾಶೆಯಲ್ಲ, ನಗು.

ಕೈ ಸೋಲುವವರೆಗೂ ಅವರು ಸೂಜಿ ಬಿಡಲಿಲ್ಲ. ಒಪ್ಪಿಕೊಂಡ ಆರ್ಡರುಗಳನ್ನು ಮುಗಿಸಿಕೊಡಬೇಕಿತ್ತು. ನಡೆಯಲಾಗದಿದ್ದರೂ ಮಗಳ ತೋಳು ಹಿಡಿದು ಪೂಜೆಗೆ ಹೋದರು. ಆಗಸ್ಟ್ 26ರಂದು ಗುರುಗಳು ಅಂತ್ಯ ಅಭ್ಯಂಗ ಕೊಡುವಾಗ ಐವರು ಹೆಣ್ಣುಮಕ್ಕಳು ಸುತ್ತ ಮೊಣಕಾಲೂರಿದ್ದರು. 1877ರ ಆಗಸ್ಟ್ 28ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಅವರು ಕಣ್ಮುಚ್ಚಿದರು. ವಯಸ್ಸು ನಲವತ್ತೈದು. ತೆರೇಸಾ ನಾಲ್ಕೂವರೆ ವರ್ಷದವಳು.

ಬಿಡಿ ತುಂಡುಗಳು ಒಂದಾದವು

ಲೂಯಿ ಲೇಸಿನ ವ್ಯವಹಾರವನ್ನು ಲೆಕ್ಕ ತೀರಿಸಿ ಮುಚ್ಚಿ, ಆ ವರ್ಷದ ನವೆಂಬರಿನಲ್ಲಿ ಮಕ್ಕಳೊಡನೆ ಲಿಸ್ಯೂ ಪಟ್ಟಣಕ್ಕೆ ಹೋದರು. ಅಲ್ಲಿ ಮಕ್ಕಳ ಸೋದರಮಾವ ಇದ್ದರು. ಒಬ್ಬೊಬ್ಬರಾಗಿ ನಾಲ್ವರು ಹೆಣ್ಣುಮಕ್ಕಳು ಲಿಸ್ಯೂವಿನ ಕಾರ್ಮೆಲ್ ಮಠ ಸೇರಿದರು. ಕೊನೆಯ ವರ್ಷಗಳಲ್ಲಿ ಮನಸ್ಸಿನ ಕಾಯಿಲೆಯಿಂದ ಬಹಳ ನೊಂದ ಲೂಯಿ 1894ರಲ್ಲಿ ತೀರಿಕೊಂಡರು. ಇಪ್ಪತ್ತನಾಲ್ಕನೆಯ ವಯಸ್ಸಿಗೆ 1897ರಲ್ಲಿ ತೀರಿಕೊಂಡ ತೆರೇಸಾ, 1925ರಲ್ಲಿ ಸಂತಳೆಂದು ಘೋಷಿತಳಾದಳು.

ಲೆಯೊನಿ? ಯಾರೂ ಭರವಸೆ ಇಡದಿದ್ದ ಆ ಮಗಳು ಮಠಕ್ಕೆ ಸೇರಿ, ಬಿಟ್ಟು, ಮತ್ತೆ ಸೇರಿ, ಕೊನೆಗೆ 1899ರಲ್ಲಿ ಕಾನ್ ಪಟ್ಟಣದ ವಿಸಿಟೇಶನ್ ಮಠದಲ್ಲಿ ನೆಲೆ ನಿಂತಳು. 1941ರಲ್ಲಿ ಅಲ್ಲೇ ತೀರಿಕೊಂಡಳು. 2015ರಲ್ಲಿ ಧರ್ಮಸಭೆ ಆಕೆಯ ಪುನೀತ ಪದವಿಯ ವಿಚಾರಣೆಯನ್ನೂ ಕೈಗೆತ್ತಿಕೊಂಡಿತು. ತಾಯಿಯ ಕೊನೆಯ ತಿಂಗಳುಗಳ ಪ್ರಾರ್ಥನೆ ವ್ಯರ್ಥವಾಗಲಿಲ್ಲ.

2008ರ ಅಕ್ಟೋಬರ್ 19ರಂದು ಲಿಸ್ಯೂವಿನಲ್ಲಿ ಜೆಲಿ ಮತ್ತು ಲೂಯಿ ದಂಪತಿಗಳನ್ನು ಪುನೀತರೆಂದು ಸಾರಲಾಯಿತು. 2015ರ ಅಕ್ಟೋಬರ್ 18ರಂದು, ಕುಟುಂಬದ ವಿಷಯವಾಗಿ ಧರ್ಮಾಧ್ಯಕ್ಷರ ಸಿನೊದ್ ನಡೆಯುತ್ತಿದ್ದಾಗಲೇ, ಪೋಪ್ ಫ್ರಾನ್ಸಿಸ್‌ರವರು ರೋಮಿನಲ್ಲಿ ಅವರಿಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು. ಗಂಡಹೆಂಡತಿ ಜೋಡಿಯಾಗಿ ಹೀಗೆ ಸಂತರಾದದ್ದು ಅದೇ ಮೊದಲು. ಅವರ ಸ್ಮರಣೆಯ ದಿನ ಜುಲೈ 12.

ಪ್ರಿಯ ಓದುಗರೇ, ಮಠದ ಬಾಗಿಲು ಮುಚ್ಚಿದಾಗ ಜೆಲಿಯಮ್ಮನಿಗೆ ತೆರೆದದ್ದು ಲೇಸು ಶಾಲೆಯ ಬಾಗಿಲು. ಅವರು ಅಲ್ಲಿಂದಲೇ ಸಂತ ಪದವಿಗೆ ನಡೆದರು. ದುಡಿಮೆಯಿಂದ ದೇವರ ಕಡೆಗೆ ದಾರಿಯಿಲ್ಲ ಎನ್ನುವವರಿಗೆ ಅವರ ಬದುಕೇ ಉತ್ತರ. ನಿಮ್ಮ ಬಳಿ ಕೆಲಸ ಮಾಡುವವರಿದ್ದರೆ ಅವರ ಕೂಲಿ ಇಂದೇ ಅವರ ಕೈ ಸೇರಲಿ, ಕಾಯಿಲೆ ಬಿದ್ದಾಗ ನೀವು ಅವರ ಬಾಗಿಲಿಗೆ ಹೋಗಿ. ಭಾನುವಾರ ಯಂತ್ರಕ್ಕೆ ಬಿಡುವಿರಲಿ. ಕೆಲಸದ ಭರದಲ್ಲಿ ಮನೆಯ ಮೂಲೆಯಲ್ಲಿ ಮೌನವಾಗಿರುವ ಮಗುವಿನ ಮುಖವನ್ನು ದಿನಕ್ಕೊಮ್ಮೆಯಾದರೂ ಸರಿಯಾಗಿ ನೋಡಿ. ಎಷ್ಟೋ ದಿನಗಳಿಂದ ಕಣ್ತಪ್ಪಿದ್ದು ಇಂದು ಕಂಡರೆ ಎದೆಗುಂದಬೇಡಿ. ತಡವಾಯಿತೆಂದು ಜೆಲಿಯಮ್ಮ ಕೈಚೆಲ್ಲಲಿಲ್ಲ, ಉಳಿದ ನಾಲ್ಕು ತಿಂಗಳನ್ನೇ ಮಗಳಿಗೆ ಕೊಟ್ಟರು.

ಬೇರೆ ಬೇರೆ ಮನೆಗಳಿಂದ ಬಂದ ತುಂಡುಗಳನ್ನು ಕಾಣದ ಹೊಲಿಗೆಯಿಂದ ಒಂದಾಗಿಸುವುದು ಆ ತಾಯಿಯ ಕಸುಬಾಗಿತ್ತು. ನಮ್ಮ ಸಂಸಾರಗಳಲ್ಲಿ ಹರಿದದ್ದು, ಬಿಟ್ಟುಹೋದದ್ದು ಏನೇನಿದೆಯೋ ಅದನ್ನೆಲ್ಲ ಸಂತ ಜೆಲಿಯವರ ಬಿನ್ನಹದಿಂದ ಪ್ರಭುವೇ ಜೋಡಿಸಿಕೊಡಲಿ.